ಕೆರೆಯ ನಡುವೆ ಕೆಟ್ಟುನಿಂತ ದೋಣಿ

ಫೋರ್ಟ್ ಮಿಲ್

ಅಮೆರಿಕಕ್ಕೆ ಹೋಗಿ ಜಲ್ಲಿಕಲ್ಲಿನ ಮೇಲೆ ಮಲಗಿ ಬಂದೆ ಎಂದರೆ ನಮ್ಮ ಸರಸ್ವತಿಪುರಂನಲ್ಲಿ ಯಾರೂ ನಂಬುವುದಿಲ್ಲ. "ತಮಾಷೆ ಮಾಡ್ಬೇಡಿ ಮೇಡಂ" ಅನ್ನುತ್ತಾರೆ. ಅಲ್ಲಿ ನಾನೊಂದು ಲೇಡೀಸ್ ಪಿಜಿ ನಡೆಸುತ್ತೇನೆ. ಇಪ್ಪತ್ತು ಚಿಲ್ಲರೆ ಹುಡುಗಿಯರು, ಎರಡು ಗೀಸರು. ಬೆಳಗಾದರೆ ಬಿಸಿನೀರಿಗೆ ಜಗಳ, ಕತ್ತಲಾದರೆ ಗೇಟಿನ ಬೀಗಕ್ಕೆ ಜಗಳ. ತಂಗಿ ಶುಭಾ ಎಷ್ಟೋ ವರ್ಷದಿಂದ ಬಾ ಬಾ ಎಂದು ಕರೆಯುತ್ತಿದ್ದಳು. ಹೊರಡಬೇಕು ಎನ್ನುವಾಗ ಕರೋನಾ ಬಂತು, ಆಮೇಲೆ ವೀಸಾ ಸಿಗಲಿಲ್ಲ. ಕೊನೆಗೂ ಒಂದು ಏಪ್ರಿಲ್‌ನಲ್ಲಿ ಪಿಜಿಯನ್ನು ಅಡುಗೆಯ ರತ್ನಮ್ಮನ ಕೈಗೆ ಒಪ್ಪಿಸಿ ವಿಮಾನ ಹತ್ತಿದೆ. ನನಗಿದ್ದ ಆಸೆ ಒಂದೇ. ಯಾರೂ ಬಾಗಿಲು ತಟ್ಟದ ಕೋಣೆಯಲ್ಲಿ, ಮೆತ್ತನೆಯ ಹಾಸಿಗೆಯಲ್ಲಿ, ಬೇಕಾದಷ್ಟು ಹೊತ್ತು ಬಿದ್ದುಕೊಂಡಿರುವುದು.

ಶುಭಾಳ ಮನೆ ಸೌತ್ ಕ್ಯಾರೊಲೈನಾದ ಫೋರ್ಟ್ ಮಿಲ್‌ನಲ್ಲಿದೆ. ಆಫೀಸುಗಳೆಲ್ಲ ಪಕ್ಕದ ರಾಜ್ಯದ ಶಾರ್ಲೆಟ್‌ನಲ್ಲಿ. ಬೆಳಗ್ಗೆ ಊರಿಗೆ ಊರೇ ಕಾರಿನಲ್ಲಿ ಕೂತು ಗಡಿ ದಾಟುತ್ತದೆ, ಸಂಜೆ ವಾಪಸ್ ಬರುತ್ತದೆ. ಶುಭಾಳ ಗಂಡ ಪ್ರಸನ್ನ ಮಾತ್ರ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ಮಹಡಿ ಮೇಲಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರೆ ಊಟಕ್ಕೇ ಇಳಿಯುವುದು. ಮಗಳು ದಿಯಾ ಆರನೇ ಕ್ಲಾಸು. ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಮಗು.

ಆ ಮನೆಯ ಹಾಸಿಗೆ ನಾನು ಬಯಸಿದ್ದಕ್ಕಿಂತ ಮೆತ್ತಗಿತ್ತು. ಒಂದು ವಾರ ಸುಖವಾಗಿ ಮಲಗಿದೆ. ಆಮೇಲೆ ಒಂದು ದಿನ ಊಟದ ಮೇಜಿನಲ್ಲಿ ಪ್ರಸನ್ನ, "ಅಕ್ಕಾ, ದಿಯಾಗೆ ಸ್ಪ್ರಿಂಗ್ ಬ್ರೇಕ್, ಸ್ಕೂಲ್ ರಜಾ. ಎಲ್ಲರೂ ಕ್ಯಾಂಪಿಂಗ್ ಹೋಗ್ತಾ ಇದೀವಿ" ಎಂದರು.

"ಅಂದ್ರೆ?"

"ಪೈನ್ ಮರಗಳ ಕಾಡು, ಪಕ್ಕದಲ್ಲೇ ಲೇಕ್. ಸ್ಟೇಟ್ ಪಾರ್ಕು. ಟೆಂಟ್ ಹಾಕ್ಕೊಂಡು ಎರಡು ರಾತ್ರಿ ಇರೋದು."

"ಇಷ್ಟು ಒಳ್ಳೆ ಮನೆ ಇಟ್ಕೊಂಡು ಹೊರಗೆ ಯಾಕೆ ಮಲಗ್ಬೇಕು?"

ಶುಭಾ ನನ್ನ ಪರವಾಗಿದ್ದಳು. "ನಾನೂ ಅದೇ ಹೇಳ್ದೆ ಕಣಕ್ಕ. ಕರೋನಾ ಟೈಮಲ್ಲಿ ತಗೊಂಡ ಟೆಂಟು, ಒಂದು ಸಲಾನೂ ಬಿಚ್ಚಿಲ್ಲ. ಈಗ ಇದ್ದಕ್ಕಿದ್ದ ಹಾಗೆ ಹೋಗ್ಲೇಬೇಕು ಅಂತ ಹಟ ಹಿಡಿದಿದಾರೆ."

"ಹೋಗ್ಲೇಬೇಕು" ಎಂದರು ಪ್ರಸನ್ನ. ನಗುತ್ತಲೇ ಹೇಳಿದರು, ಆದರೆ ಮಾತು ಅಲ್ಲಿಗೆ ಮುಗಿಯಿತು.

ಹೊರಡುವ ದಿನ ಮನೆಯ ಅರ್ಧ ಸಾಮಾನು ಕಾರಿಗೆ ಏರಿತು. ಮಡಚುವ ಕುರ್ಚಿಗಳು, ಗ್ಯಾಸ್ ಒಲೆ, ಗಾಳಿ ತುಂಬುವ ಹಾಸಿಗೆಗಳು, ದೊಡ್ಡ ಐಸ್ ಪೆಟ್ಟಿಗೆ. ಶುಭಾ ಕುಕ್ಕರ್ ತಂದಿಟ್ಟಳು. ಪ್ರಸನ್ನ ಅದನ್ನು ತೆಗೆದು ಒಳಗಿಟ್ಟರು. "ಕ್ಯಾಂಪಿಂಗ್ ಅಂದ್ರೆ ಸಿಂಪಲ್ ಆಗಿರ್ಬೇಕು." ಶುಭಾ ಮತ್ತೆ ತಂದಿಟ್ಟಳು. ಕುಕ್ಕರ್ ಹಾಗೆ ಮೂರ್ನಾಲ್ಕು ಸಲ ಓಡಾಡಿ ಕೊನೆಗೆ ನನ್ನ ಕಾಲ ಬಳಿ ಜಾಗ ಹಿಡಿಯಿತು. ದಾರಿಯುದ್ದಕ್ಕೂ ಅದರ ಹಿಡಿ ನನ್ನ ಮಂಡಿಗೆ ತಿವಿಯುತ್ತಿತ್ತು.

ಪಾರ್ಕಿನ ಗೇಟು

ಹಿತ್ತಲಲ್ಲಿ ಗಾಳಿಗೆ ಬಿದ್ದಿದ್ದ ಓಕ್ ಮರವನ್ನು ಪ್ರಸನ್ನ ತಾವೇ ಕಡಿದು ಸೌದೆ ಮಾಡಿಕೊಂಡಿದ್ದರು. ಅದರ ದೊಡ್ಡ ಹೊರೆಯೊಂದು ಕಾರಿನ ಹಿಂಭಾಗದಲ್ಲಿತ್ತು. ಗೇಟಿನಲ್ಲಿ ಟೋಪಿ ಹಾಕಿದ್ದ ಹೆಂಗಸು, ಪಾರ್ಕಿನ ರೇಂಜರು, ನಗುನಗುತ್ತ ಮಾತಾಡಿಸಿದಳು. ಎಲ್ಲಿಂದ ಬಂದಿರಿ, ಅಮ್ಮ ಇಂಡಿಯಾದಿಂದ ಬಂದಿದ್ದಾರಾ, ಎಷ್ಟು ಚೆಂದ, ಎಂದೆಲ್ಲ ಹೇಳಿ, ಅದೇ ನಗುವಿನಲ್ಲಿ, ಹೊರಗಿನ ಸೌದೆ ಒಳಗೆ ಬಿಡುವಂತಿಲ್ಲ ಎಂದಳು. ಅದರಲ್ಲಿ ಹುಳ ಇರುತ್ತದಂತೆ. ಆ ಹುಳ ಇಲ್ಲಿನ ಮರಕ್ಕೆ ಹತ್ತುತ್ತದಂತೆ.

ನಮ್ಮ ನಾಗರಹೊಳೆ ಕಡೆ ಕಾಡಿನಿಂದ ಸೌದೆ ಹೊರಗೆ ತಂದರೆ ಚೆಕ್‌ಪೋಸ್ಟಿನಲ್ಲಿ ಹಿಡಿಯುತ್ತಾರೆ. ಕಾಡಿಗೆ ಸೌದೆ ಹೊತ್ತುಕೊಂಡು ಹೋಗಿ ಸಿಕ್ಕಿಬಿದ್ದವರು ನಾವೇ ಮೊದಲಿಗರಿರಬೇಕು.

ಪ್ರಸನ್ನ ವಾದ ಮಾಡಿದರು. ಇದು ಒಣ ಸೌದೆ ಎಂದರು. ನಮ್ಮದೇ ಮನೆಯ ಮರ ಎಂದರು. ಅವಳು ಒಂದೊಂದು ಮಾತಿಗೂ "ಐ ಅಂಡರ್‌ಸ್ಟಾಂಡ್, ಸರ್" ಎನ್ನುತ್ತ ಅಲ್ಲಾಡದೆ ನಿಂತಳು. ಹಿಂದೆ ಕಾರುಗಳ ಸಾಲು ಬೆಳೆಯಿತು. ಯಾರೂ ಹಾರ್ನ್ ಹೊಡೆಯಲಿಲ್ಲ. ನನಗೆ ಅದೇ ಇನ್ನಷ್ಟು ಮುಜುಗರ. ಮೈಸೂರಾಗಿದ್ದರೆ ಹಿಂದಿನವರು ಬೈದಾದರೂ ನಮ್ಮನ್ನು ಮುಂದೆ ನೂಕುತ್ತಿದ್ದರು. ಕೊನೆಗೆ ಸೌದೆಯನ್ನೆಲ್ಲ ಗೇಟಿನ ಪಕ್ಕ ಇಳಿಸಿದೆವು. ಅಷ್ಟು ಸಣ್ಣ ವಿಷಯಕ್ಕೆ ಪ್ರಸನ್ನರ ಮುಖ ಕೆಂಪಗಾದದ್ದನ್ನು ನಾನು ನೋಡಿದೆ. ಬಿಸಿಲಿಗೆ ಇರಬೇಕು ಅಂದುಕೊಂಡೆ.

ನಮ್ಮ ಸೈಟು

ಸೈಟು ಎಂದರೆ ಮೈಸೂರಿನವಳಾದ ನನಗೆ ಥರ್ಟಿ-ಫಾರ್ಟಿ, ಕಾರ್ನರು, ಪೂರ್ವ ದಿಕ್ಕು. ಇಲ್ಲಿ ಸೈಟು ಎಂದರೆ ಜಲ್ಲಿಕಲ್ಲು ಹರಡಿದ ಒಂದು ಚೌಕ, ಒಂದು ಮರದ ಮೇಜು, ಬೆಂಕಿ ಹಾಕಲು ಕಬ್ಬಿಣದ ಬಳೆ. ಪಕ್ಕದಲ್ಲಿ ಕರೆಂಟಿನ ಕಂಬ, ಅದರಲ್ಲಿ ಪ್ಲಗ್ ಪಾಯಿಂಟು. ಕಾಡಿಗೆ ಬಂದು ಪ್ಲಗ್ ಹುಡುಕುವವರಿಗಾಗಿಯೇ ಕಾಡು ಮಾಡಿಟ್ಟಿದ್ದರು.

ಮರಗಳೇನೋ ಚೆನ್ನಾಗಿದ್ದವು, ಸುಳ್ಳು ಹೇಳುವುದಿಲ್ಲ. ನೆಟ್ಟಗೆ, ಎತ್ತರಕ್ಕೆ, ತುದಿಯಲ್ಲಿ ಮಾತ್ರ ಎಲೆ. ಅವುಗಳ ನಡುವೆ ಕೆರೆಯ ನೀರು ಹೊಳೆಯುತ್ತಿತ್ತು. ಆದರೆ ಅದು ಪೈನ್ ಮರಗಳು ಹೂ ಬಿಡುವ ಕಾಲ. ಅವುಗಳ ಪರಾಗ ಹಳದಿ ಪುಡಿಯಾಗಿ ಮೇಲಿಂದ ಸುರಿಯುತ್ತಲೇ ಇತ್ತು. ಮೇಜಿನ ಮೇಲೆ, ಕಾರಿನ ಮೇಲೆ, ಕೆರೆಯ ಅಂಚಿನಲ್ಲಿ, ಮೂಗಿನೊಳಗೆ. ಸಂಜೆಯ ಹೊತ್ತಿಗೆ ನಾವು ನಾಲ್ವರೂ ಅರಿಶಿನ ಶಾಸ್ತ್ರಕ್ಕೆ ಕೂತ ಮದುಮಕ್ಕಳ ಹಾಗೆ ಕಾಣುತ್ತಿದ್ದೆವು. ಶುಭಾ ಸೀನಲು ಶುರು ಮಾಡಿದವಳು ನಿಲ್ಲಿಸಲೇ ಇಲ್ಲ.

ಟೆಂಟ್ ಹಾಕುವ ಕೆಲಸ ಶುರುವಾಯಿತು. ಪೆಟ್ಟಿಗೆಯ ಮೇಲಿನ ಚಿತ್ರದಲ್ಲಿ ಗಂಡ ಹೆಂಡತಿ ನಗುತ್ತ ನಿಂತಿದ್ದರು. ನಮ್ಮ ಗಂಡ ಹೆಂಡತಿ ನಗುತ್ತಿರಲಿಲ್ಲ. ಒಂದು ಕಡೆ ಎತ್ತಿದರೆ ಇನ್ನೊಂದು ಕಡೆ ಕುಸಿಯುತ್ತಿತ್ತು. ಪಕ್ಕದ ಸೈಟಿನಲ್ಲಿ ಬಸ್ಸಿನಷ್ಟು ದೊಡ್ಡ ಮನೆಗಾಡಿ ನಿಂತಿತ್ತು. ಅದರ ಹೊರಗೋಡೆಯಲ್ಲೇ ಟಿವಿ, ಸುತ್ತ ಬಣ್ಣದ ದೀಪದ ಸರ. ಅದರ ಯಜಮಾನ ಅರ್ಲ್ ಎಂಬ ಅಜ್ಜ ಸೊಂಟಕ್ಕೆ ಕೈಕೊಟ್ಟು ನಮ್ಮ ಒದ್ದಾಟವನ್ನು ಬಹಳ ಹೊತ್ತು ನೋಡಿದ. ಸಹಾಯ ಮಾಡಲು ಬಂದ ಅಂದುಕೊಂಡೆ. "ಯೂ ವಿಲ್ ಫಿಗರ್ ಇಟ್ ಔಟ್" ಎಂದು ಹೇಳಿ ಟಿವಿ ಮುಂದೆ ಹೋಗಿ ಕೂತ. ಅವನ ಹೆಂಡತಿ ಲಿಂಡಾ ತಮ್ಮ ಮುದಿ ನಾಯಿಯನ್ನು ಮಕ್ಕಳ ಗಾಡಿಯಲ್ಲಿ ಕೂರಿಸಿ ವಾಕಿಂಗ್ ಕರೆದುಕೊಂಡು ಹೊರಟಳು. ವಾಕಿಂಗು ನಾಯಿಗೋ ಅವಳಿಗೋ ನನಗೆ ತಿಳಿಯಲಿಲ್ಲ.

ಅಷ್ಟರಲ್ಲಿ ದಿಯಾ ಟೆಂಟಿನ ಗೂಟವೊಂದನ್ನು ಎಲ್ಲೋ ಬೀಳಿಸಿದಳು.

"ಒಂದು ಕೆಲಸ ಸರಿಯಾಗಿ ಮಾಡೋಕಾಗಲ್ವಾ ನಿಂಗೆ?" ಎಂದು ಪ್ರಸನ್ನ ಕೂಗಿದರು. ಅರ್ಲ್ ಟಿವಿಯ ಸದ್ದು ಕಡಿಮೆ ಮಾಡಿ ತಿರುಗಿ ನೋಡುವಷ್ಟು ಜೋರಾಗಿ.

ದಿಯಾಳ ಕಣ್ಣು ತುಂಬಿತು. "ಅಪ್ಪಾ, ಇಟ್ಸ್ ಜಸ್ಟ್ ಎ ಪೆಗ್" ಎಂದಳು.

ಪ್ರಸನ್ನ ಜೋರಾಗಿ ಮಾತಾಡಿದ್ದನ್ನು ನಾನು ಅದುವರೆಗೆ ಕೇಳಿಯೇ ಇರಲಿಲ್ಲ. ಮದುವೆಯ ದಿನ ಓಲಗದವರು ತಡವಾಗಿ ಬಂದಾಗಲೂ ಅವರನ್ನೇ ಸಮಾಧಾನ ಮಾಡಿದ ಮನುಷ್ಯ. ಶುಭಾ ನನ್ನ ಕಿವಿಯಲ್ಲಿ, "ಒಂದು ತಿಂಗಳಿಂದ ಹೀಗೇ ಕಣಕ್ಕ. ಕೇಳಿದ್ರೆ ಪ್ರಾಜೆಕ್ಟ್ ಪ್ರೆಶರ್ ಅಂತಾರೆ" ಎಂದಳು. ಆಮೇಲೆ ಪ್ರಸನ್ನ ತಾವೇ ಮಂಡಿಯೂರಿ ಜಲ್ಲಿಯಲ್ಲಿ ಗೂಟ ಹುಡುಕಿ, ಮಗಳ ತಲೆ ಸವರಿ, ಬಾಯಿತುಂಬ ಸಾರಿ ಕೇಳಿದರು.

ಬಾತ್‌ಹೌಸು

ಆ ರಾತ್ರಿಯನ್ನು ಎರಡೇ ಮಾತಿನಲ್ಲಿ ಮುಗಿಸುತ್ತೇನೆ. ಗಾಳಿ ಹಾಸಿಗೆಯ ಗಾಳಿ ಹೋಯಿತು. ನಾನು ಜಲ್ಲಿಯ ಮೇಲೆ ಇಳಿದೆ.

ಬೆಳಗ್ಗೆ ಸೊಂಟ ಹಿಡಿದುಕೊಂಡು ಬಾತ್‌ಹೌಸಿಗೆ ನಡೆದೆ. ಅದು ಸಿಮೆಂಟ್ ಇಟ್ಟಿಗೆಯ ಗಟ್ಟಿ ಕಟ್ಟಡ. ಒಂದು ಕಡೆ ಹೆಂಗಸರಿಗೆ, ಒಂದು ಕಡೆ ಗಂಡಸರಿಗೆ. ಸ್ನಾನಕ್ಕೆ ನಲ್ಲಿಯ ಬದಲು ಒಂದು ಗುಂಡಿ. ಒತ್ತಿದರೆ ಬಿಸಿನೀರು ಬರುತ್ತದೆ. ಸೋಪು ಹಚ್ಚುವಷ್ಟರಲ್ಲಿ ನಿಂತುಹೋಗುತ್ತದೆ. ಮತ್ತೆ ಒತ್ತಬೇಕು. ಕಣ್ಣಿಗೆ ಸೋಪು ಹೋಗಿ ಗುಂಡಿ ಎಲ್ಲಿದೆ ಎಂದು ಗೋಡೆ ತಡವುವಾಗ ಇಂಥದ್ದನ್ನು ಕಂಡುಹಿಡಿದವನಿಗೆ ಹಿಡಿಶಾಪ ಹಾಕಿದೆ. ಮೈ ಒರೆಸಿಕೊಳ್ಳುವಾಗ ಮಾತ್ರ, ನಮ್ಮ ಪಿಜಿಗೆ ಇದನ್ನು ಹಾಕಿಸಿದರೆ ಹೇಗೆ ಎನ್ನಿಸಿತು.

ಅಲ್ಲಿನ ಹೆಂಗಸರು ಹಲ್ಲುಜ್ಜುತ್ತಲೇ ಒಬ್ಬರಿಗೊಬ್ಬರು ತಮ್ಮ ಕಥೆ ಹೇಳಿಕೊಳ್ಳುತ್ತಿದ್ದರು. ಬಾಯಲ್ಲಿ ನೊರೆ ಇಟ್ಟುಕೊಂಡೇ ಒಬ್ಬಳು ತನಗೆ ಡೈವೋರ್ಸ್ ಆದದ್ದನ್ನು ನನಗೆ ಹೇಳಿದಳು. ನಾನು ಅವಳ ಹೆಸರನ್ನೂ ಕೇಳಿರಲಿಲ್ಲ. ನಮ್ಮಲ್ಲಿ ಮಗಳಿಗೆ ಗಂಡು ನೋಡಿದ್ದನ್ನು ಪಕ್ಕದ ಮನೆಗೆ ಗೊತ್ತಾಗದ ಹಾಗೆ ಮುಚ್ಚಿಡುತ್ತೇವೆ.

ವಾಪಸ್ ಬಂದರೆ ಮೇಜಿನ ಸುತ್ತ ಚಕ್ಕುಲಿಯ ಚೂರು. ರಾತ್ರಿ ರಕೂನ್ ಎಂಬ ಪ್ರಾಣಿ ಬಂದು, ನಾನು ಮೈಸೂರಿನಿಂದ ಹೊತ್ತು ತಂದ ಚಕ್ಕುಲಿ ಡಬ್ಬವನ್ನು ಬಿಚ್ಚಿ ತಿಂದುಹೋಗಿತ್ತು. ಮುಚ್ಚಳವನ್ನು ಬೆಕ್ಕು ನಾಯಿಯ ಹಾಗೆ ಕಚ್ಚಿ ಕಿತ್ತಿರಲಿಲ್ಲ. ನೀಟಾಗಿ ತಿರುಗಿಸಿ ತೆಗೆದಿತ್ತು. "ದೇ ಹ್ಯಾವ್ ಹ್ಯಾಂಡ್ಸ್, ದೊಡ್ಡಮ್ಮಾ!" ಎಂದು ದಿಯಾ ಖುಷಿಯಿಂದ ಕುಣಿದಳು. ನನಗೆ ಅಳು ಬರುವುದೊಂದು ಬಾಕಿ.

ಕೆರೆಯ ಮೇಲೆ

ಉಪ್ಪಿಟ್ಟು ತಿಂದಾದ ಮೇಲೆ ಪ್ರಸನ್ನ ಪೆಡಲ್ ಬೋಟ್ ಎಂದರು. ಶುಭಾ ಸೀನುತ್ತ, ನಾನು ಬರಲ್ಲ ಎಂದಳು. ದಿಯಾಗೆ ಮರಳಿನ ದಂಡೆಯಲ್ಲಿ ಗೆಳತಿಯೊಬ್ಬಳು ಸಿಕ್ಕಿಬಿಟ್ಟಿದ್ದಳು. ಉಳಿದವಳು ನಾನು.

"ನಾಲ್ಕು ಸುತ್ತು ಅಷ್ಟೇ ಅಕ್ಕಾ. ಕಾರಂಜಿ ಕೆರೇಲಿ ಹೋಗಲ್ವಾ, ಹಾಗೇ."

ಕಾರಂಜಿ ಕೆರೆ ಈ ದಂಡೆಯಲ್ಲಿ ನಿಂತರೆ ಆ ದಂಡೆ ಕಾಣುವ ಕೆರೆ. ಇದು ಆ ಕಡೆ ಮಂಜಿನಲ್ಲಿ ಮಾಯವಾಗುತ್ತಿತ್ತು. ಕಿತ್ತಳೆ ಬಣ್ಣದ ಲೈಫ್ ಜಾಕೆಟ್ಟನ್ನು ಚೂಡಿದಾರದ ಮೇಲೆ ಬಿಗಿದುಕೊಂಡು, ಪ್ಲಾಸ್ಟಿಕ್ ದೋಣಿಯಲ್ಲಿ ಕೂತು ಸೈಕಲ್ ತುಳಿಯುವ ಹಾಗೆ ತುಳಿದೆ. ದಂಡೆ ದೂರವಾಯಿತು. ಸಾಕು ತಿರುಗಿಸೋಣ ಎನ್ನುವಷ್ಟರಲ್ಲಿ ಕೆಳಗೆ ಕಟ್ ಎಂದು ಸದ್ದಾಯಿತು. ಪೆಡಲುಗಳು ಎತ್ತ ತುಳಿದರೂ ಸುಮ್ಮನೆ ತಿರುಗತೊಡಗಿದವು. ದೋಣಿ ಮಾತ್ರ ಅಲ್ಲಾಡಲಿಲ್ಲ. ಫೋನುಗಳನ್ನು ನೆನೆಯುತ್ತವೆ ಎಂದು ಶುಭಾಳ ಹತ್ತಿರವೇ ಬಿಟ್ಟು ಬಂದಿದ್ದೆವು.

ನಾನು ಕೈ ಬೀಸಿದೆ. ದಂಡೆಯಲ್ಲಿದ್ದ ದಿಯಾ ವಾಪಸ್ ಕೈ ಬೀಸಿದಳು.

ಪ್ರಸನ್ನ ನಗಲು ಶುರು ಮಾಡಿದರು. ಮೊದಲು ಸಣ್ಣಗೆ, ಆಮೇಲೆ ಹೊಟ್ಟೆ ಹಿಡಿದುಕೊಂಡು. ನಾನೂ ನಕ್ಕೆ. ಸ್ವಲ್ಪ ಹೊತ್ತಿಗೆ ನನ್ನ ನಗು ನಿಂತಿತು. ಅವರದು ನಿಲ್ಲಲಿಲ್ಲ. ತಿರುಗಿ ನೋಡಿದರೆ ಅವರು ಅಳುತ್ತಿದ್ದರು.

"ಪ್ರಸನ್ನ, ಏನಾಯ್ತು?"

"ನನ್ನ ಕೆಲಸ ಹೋಯ್ತು ಅಕ್ಕಾ."

"ಯಾವಾಗ?"

"ನೀವು ಬರೋಕೆ ಮುಂಚೆನೇ. ಬೆಳಗ್ಗೆ ಕಂಪ್ಯೂಟರ್ ತೆಗೆದ್ರೆ ಲಾಗಿನ್ ಆಗ್ಲಿಲ್ಲ. ಒಂದು ಮೇಲ್ ಬಂದಿತ್ತು, ಅಷ್ಟೇ. ನಮ್ಮ ಟೀಮಲ್ಲಿ ಅರ್ಧಕ್ಕರ್ಧ ಜನಾನ ತೆಗೆದ್ರು."

"ಮತ್ತೆ ದಿನಾ ಮೇಲೆ ರೂಮಲ್ಲಿ ಏನು ಮಾಡ್ತೀರಿ?"

"ಅಪ್ಲೈ ಮಾಡ್ತಾ ಇರ್ತೀನಿ. ಕೆಲವು ದಿನ ಸುಮ್ನೆ ಕೂತಿರ್ತೀನಿ."

ಆಮೇಲೆ ಎಲ್ಲ ಹೇಳಿದರು. ಅವರ ವೀಸಾ ಕೆಲಸಕ್ಕೆ ಅಂಟಿಕೊಂಡದ್ದು. ಕೆಲಸ ಹೋದ ಮೇಲೆ ಇನ್ನೊಂದು ಹುಡುಕಿಕೊಳ್ಳಲು ಎರಡು ತಿಂಗಳು ಟೈಮು, ಅದರಲ್ಲಿ ಅರ್ಧ ಕಳೆದಿತ್ತು. ಸಿಗದಿದ್ದರೆ ಮನೆ, ಸ್ಕೂಲು ಎಲ್ಲ ಬಿಟ್ಟು ದೇಶವನ್ನೇ ಬಿಡಬೇಕು. ಶುಭಾ ಡೇಕೇರ್ ಒಂದರಲ್ಲಿ ಕೆಲಸಕ್ಕೆ ಹೋಗುತ್ತಿದ್ದುದೂ ಇವರ ವೀಸಾದ ಬಲದ ಮೇಲೆಯೇ.

"ಮಗೂಗೆ ಟೆಂಟಲ್ಲಿ ಮಲಗ್ಬೇಕು ಅಂತ ಎಷ್ಟು ವರ್ಷದಿಂದ ಆಸೆ. ಪ್ರತಿ ಸಲ ಡೆಡ್‌ಲೈನ್, ಡೆಡ್‌ಲೈನ್ ಅಂತ ಮುಂದೆ ಹಾಕ್ದೆ. ಇನ್ನು ಚಾನ್ಸ್ ಸಿಗುತ್ತೋ ಇಲ್ವೋ ಅಂತ ಈಗ ಕರ್ಕೊಂಡು ಬಂದೆ. ಬಂದು ನೋಡಿದ್ರೆ ಅವಳ ಮೇಲೇ ಕೂಗಾಡ್ದೆ."

ನನಗೆ ಅಯ್ಯೋ ಪಾಪ ಎನ್ನಿಸಿತು. ಅದರ ಜೊತೆಗೇ ಸಿಟ್ಟೂ ಬಂತು, ಅದನ್ನೂ ಹೇಳಬೇಕು.

"ಇದನ್ನ ಹೇಳೋಕೆ ಕೆರೆ ಮಧ್ಯಾನೇ ಬೇಕಿತ್ತಾ ಪ್ರಸನ್ನ? ನಾನು ಎದ್ದು ಹೋಗೋ ಹಾಗೂ ಇಲ್ಲ."

"ಶುಭಾಗೆ ಹೇಳ್ಬೇಡಿ ಅಕ್ಕಾ. ನೀವು ಊರಿಗೆ ಹೋಗೋವರೆಗೆ ಅವಳು ಖುಷಿಯಾಗಿರ್ಲಿ. ಎಷ್ಟು ವರ್ಷದ ಮೇಲೆ ಬಂದಿದೀರಿ."

ನಮ್ಮ ಪಿಜಿಯಲ್ಲಿ ಒಬ್ಬ ಹುಡುಗಿಯಿದ್ದಳು. ಕೆಲಸ ಹೋದರೂ ದಿನಾ ಡ್ರೆಸ್ ಮಾಡಿಕೊಂಡು, ಟಿಫಿನ್ ಡಬ್ಬಿ ಹಿಡಿದು ಹೊರಡುತ್ತಿದ್ದಳು. ಸಂಜೆವರೆಗೆ ಕುಕ್ಕರಹಳ್ಳಿ ಕೆರೆ ದಂಡೆಯಲ್ಲಿ ಕೂತು ಬರುತ್ತಿದ್ದಳು. ಅವಳ ಅಮ್ಮನಿಗೆ ಕೊನೆಗೆ ಯಾರೋ ಮೂರನೆಯವರಿಂದ ಗೊತ್ತಾಯಿತು. ಆ ಅಮ್ಮ ನಮ್ಮ ಹಾಲಿನಲ್ಲಿ ಕೂತು, ಕೆಲಸ ಹೋದದ್ದಕ್ಕಲ್ಲ ಮೇಡಂ, ನನಗೆ ಹೇಳಲಿಲ್ಲವಲ್ಲ ಎಂದು ಅತ್ತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಇದನ್ನೆಲ್ಲ ಪ್ರಸನ್ನರಿಗೆ ಹೇಳಿದೆ.

"ಅವಳ ಹತ್ರ ಸುಳ್ಳು ಹೇಳ್ಕೊಂಡು ಅವಳ ಕೈಯಡುಗೆ ಊಟ ಮಾಡೋಕೆ ನನ್ನ ಕೈಲಿ ಆಗಲ್ಲ. ಇವತ್ತು ಸಂಜೆಯೊಳಗೆ ನೀವೇ ಹೇಳಿ. ಇಲ್ಲ ಅಂದ್ರೆ ನಾನು ಹೇಳ್ತೀನಿ."

"ಹೇಗೆ ಹೇಳ್ಲಿ ಅಕ್ಕಾ?"

"ಈಗ ನನಗೆ ಹೇಳಿದ್ರಲ್ಲ, ಹಾಗೇ."

ಗಾಳಿ ನಮ್ಮನ್ನು ಮೆಲ್ಲಗೆ ಕೆರೆಯ ಆಚೆಗೆ ನೂಕುತ್ತಿತ್ತು. ಮೀನು ಹಿಡಿಯುತ್ತಿದ್ದ ಒಬ್ಬ ದಢೂತಿ ಮನುಷ್ಯ ಮೋಟಾರ್ ದೋಣಿಯಲ್ಲಿ ಬಂದು, ಒಂದು ಪ್ರಶ್ನೆಯನ್ನೂ ಕೇಳದೆ ನಮ್ಮ ದೋಣಿಗೆ ಹಗ್ಗ ಕಟ್ಟಿದ. ಇಬ್ಬರ ಕಣ್ಣೂ ಕೆಂಪಗಿದ್ದದ್ದನ್ನು ನೋಡಿ, "ಪಾಲೆನ್?" ಎಂದ. ಪರಾಗದ ಅಲರ್ಜಿ ಅಂದುಕೊಂಡಿದ್ದ. ಹೌದೆಂದು ತಲೆಯಾಡಿಸಿದೆವು. ನಮ್ಮನ್ನು ಎಳೆದು ತಂದಾಗ ದಂಡೆಯಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು. ಶುಭಾ ಬಿದ್ದು ಬಿದ್ದು ನಗುತ್ತ ನಮ್ಮ ಫೋಟೊ ತೆಗೆದಳು.

ಮತ್ತೆ ಬಾತ್‌ಹೌಸು

ಮಧ್ಯಾಹ್ನ ಚಿತ್ರಾನ್ನ. ಶುಭಾ ಕುಕ್ಕರ್ ತಂದದ್ದು ಸಾರ್ಥಕವಾಯಿತೆಂದು ಬೀಗಿದಳು. ನಾನು ಪ್ರಸನ್ನರ ಮುಖ ನೋಡುವುದು, ಅವರು ಚಿತ್ರಾನ್ನ ನೋಡುವುದು. ಊಟ ಮುಗಿಯಿತು, ಅವರು ಬಾಯಿ ಬಿಡಲಿಲ್ಲ. ತಟ್ಟೆ ತೊಳೆಯುವಾಗ ಪಶ್ಚಿಮಕ್ಕೆ ಆಕಾಶ ಕಪ್ಪಾಯಿತು. ಆಮೇಲೆ ಇಡೀ ಕಾಡಿನ ಫೋನುಗಳು ಒಟ್ಟಿಗೇ ಕಿರುಚಿಕೊಂಡವು. ಬಿರುಗಾಳಿಯ ಎಚ್ಚರಿಕೆ. ಗೇಟಿನಲ್ಲಿದ್ದ ಅದೇ ರೇಂಜರು ಟ್ರಕ್ಕಿನಲ್ಲಿ ಸುತ್ತುತ್ತ, ಎಲ್ಲರೂ ಟೆಂಟು ಬಿಟ್ಟು ಬಾತ್‌ಹೌಸಿಗೆ ಹೋಗಿ ಎಂದು ಕೂಗಿದಳು. ಈ ಸಲ ಅವಳು ನಗುತ್ತಿರಲಿಲ್ಲ.

ಓಡಿದೆವು. ಹೆಂಗಸರ ಕಡೆ ಗಂಡಸರೂ ಬಂದು ತುಂಬಿಕೊಂಡರು. ಮಕ್ಕಳು, ನಾಯಿಗಳು, ಗಾಡಿಯಲ್ಲಿ ಕೂತ ಲಿಂಡಾಳ ಮುದಿ ನಾಯಿ. ಹೊರಗೆ ಮಳೆ ಅಡ್ಡಡ್ಡ ಹೊಡೆಯುತ್ತಿತ್ತು. ಎಲ್ಲೋ ಒಂದು ಮರ ಮುರಿದು ಬಿದ್ದ ಸದ್ದಿಗೆ ದಿಯಾ ನನ್ನನ್ನು ತಬ್ಬಿಕೊಂಡಳು. ಶುಭಾ ಕೈ ಒಣಗಿಸುವ ಯಂತ್ರದ ಕೆಳಗೆ ನಿಂತಿದ್ದಳು. ಅವಳು ಸ್ವಲ್ಪ ಅಲ್ಲಾಡಿದರೂ ಅದು ಭೋರೆಂದು ಶುರುವಾಗುತ್ತಿತ್ತು.

ಪ್ರಸನ್ನ ನನ್ನನ್ನು ನೋಡಿದರು. ನಾನು ಈಗ ಬೇಡ ಎಂದು ಕಣ್ಸನ್ನೆ ಮಾಡಿದೆ. ಅವರು ಅದನ್ನು ಈಗಲೇ ಹೇಳಿ ಎಂದು ತಿಳಿದರು.

"ಶುಭಾ, ನಿನಗೊಂದು ವಿಷಯ ಹೇಳ್ಬೇಕು. ನನ್ನ ಕೆಲಸ..."

ಭೋರ್ ಎಂದಿತು ಯಂತ್ರ.

"ಏನು?"

"ಕೆಲಸ ಹೋಯ್ತು."

"ಏನಂದ್ರಿ? ಕೇಳಿಸ್ತಿಲ್ಲ!"

"ನನ್ನ ಕೆಲಸ ಹೋಯ್ತು ಕಣೇ! ಒಂದು ತಿಂಗಳಾಯ್ತು!"

ಅದೇ ಗಳಿಗೆಗೆ ಯಂತ್ರ ನಿಂತಿತು. ಮಾತು ಗೋಡೆಗೆ ಬಡಿದು ಸುತ್ತಿತು. ಅಲ್ಲಿದ್ದವರಲ್ಲಿ ಕನ್ನಡ ಬರುವವರು ನಾವು ನಾಲ್ಕೇ ಜನ, ಹಾಗಾಗಿ ಮರ್ಯಾದೆ ಉಳಿಯಿತು ಅಂದುಕೊಂಡೆ. ಆ ನಾಲ್ವರಲ್ಲಿ ಒಬ್ಬಳು ದಿಯಾ ಎನ್ನುವುದು ಮರೆತಿತ್ತು.

"ಅಪ್ಪಾ, ಯು ಗಾಟ್ ಲೇಡ್ ಆಫ್?" ಎಂದಳು ಅವಳು, ಎಲ್ಲರಿಗೂ ತಿಳಿಯುವ ಭಾಷೆಯಲ್ಲಿ.

ಎಲ್ಲರೂ ತಿರುಗಿದರು. "ಓ ಹನೀ" ಎನ್ನುತ್ತ ಲಿಂಡಾ ಬಂದು ಶುಭಾಳನ್ನು ಅಪ್ಪಿಕೊಂಡಳು. ಅರ್ಲ್ ಪ್ರಸನ್ನರ ಹೆಗಲು ತಟ್ಟಿ, ತನ್ನನ್ನು ಮಿಲ್ಲಿನ ಕೆಲಸದಿಂದ ತೆಗೆದು ಹಾಕಿದ ಕಥೆ ಶುರು ಮಾಡಿದ. ಡೈವೋರ್ಸಿನ ಹೆಂಗಸು ತನ್ನದೊಂದು ಕಥೆ ಸೇರಿಸಿದಳು. ಹೊರಗೆ ಆಕಾಶ ಹರಿದು ಬೀಳುತ್ತಿದೆ, ಒಳಗೆ ಪಾಯಖಾನೆಯಲ್ಲಿ ನಿಂತು ಇಡೀ ಊರು ನಮ್ಮ ಮನೆಯ ಸಂಕಟಕ್ಕೆ ಸಲಹೆ ಕೊಡುತ್ತಿದೆ. ಒಳ್ಳೆಯ ಜನ, ನಿಜ. ಆದರೆ ಆ ಗಳಿಗೆಯಲ್ಲಿ ಅವರೆಲ್ಲ ಸ್ವಲ್ಪ ಕೆಟ್ಟವರಾಗಿ, ಆಚೆ ತಿರುಗಿ ನಿಂತಿದ್ದರೆ ಸಾಕಿತ್ತು ಎನ್ನಿಸಿತು.

ಶುಭಾ ಲಿಂಡಾಳ ತೋಳಿನ ಮೇಲಿಂದ ನನ್ನನ್ನೇ ನೋಡುತ್ತಿದ್ದಳು. ನನ್ನ ಮುಖದಲ್ಲಿ ಆಶ್ಚರ್ಯ ಇರಲಿಲ್ಲ, ಅದೇ ತಪ್ಪಾಯಿತು.

"ನಿನಗೆ ಗೊತ್ತಿತ್ತಾ?"

"ಬೆಳಗ್ಗೆ ಕಣೇ. ದೋಣೀಲಿ ಹೇಳಿದ್ರು."

"ಬೆಳಗ್ಗೆ! ಚಿತ್ರಾನ್ನ ಹೇಗಿದೆ ಅಂತ ಕೇಳಿದ್ನಲ್ಲ, ಚೆನ್ನಾಗಿದೆ ಅಂದ್ಯಲ್ಲ! ಫೋಟೊ ತೆಗ್ದೆ, ನಗ್ತಾ ನಿಂತ್ಕೊಂಡ್ಯಲ್ಲ!" ಆಮೇಲೆ ಗಂಡನ ಕಡೆ ತಿರುಗಿದಳು. "ನನಗಿಂತ ಮೊದ್ಲು ಇವಳಿಗೆ ಹೇಳಿದ್ರಾ?"

ಕೆಲಸ ಹೋದದ್ದರ ಬಗ್ಗೆ ಅವಳು ಒಂದು ಮಾತೂ ಆಡಲಿಲ್ಲ.

ಎರಡನೆಯ ಬೆಳಗು

ಮಳೆ ನಿಂತಾಗ ಟೆಂಟು ಪಕ್ಕದ ಸೈಟಿನ ಪೊದೆಯ ಮೇಲೆ ಮಲಗಿತ್ತು, ಕಂಬಿಗಳು ಮುರಿದಿದ್ದವು. ಈಗಲಾದರೂ ಮನೆಗೆ ಹೋಗುತ್ತೇವೆ ಎಂದು ನನಗೆ ಒಳಗೊಳಗೇ ಸಂತೋಷ. ಪ್ರಸನ್ನ ಸಾಮಾನು ಎತ್ತತೊಡಗಿದರು.

"ಇಡಿ ಕೆಳಗೆ" ಎಂದಳು ಶುಭಾ. "ಮಗೂಗೆ ಎರಡು ರಾತ್ರಿ ಅಂತ ಹೇಳಿದೀರಿ. ಎರಡು ರಾತ್ರಿ ಇರ್ತೀವಿ."

ಅವಳಿಗೆ ಸಿಟ್ಟು ಬಂದರೆ ವಾದ ಮಾಡುವುದು ದಂಡ, ಚಿಕ್ಕಂದಿನಿಂದ ಬಲ್ಲೆ. ಕಾರಿನ ಸೀಟುಗಳಲ್ಲೇ ಮುದುರಿಕೊಂಡೆವು. ಕುಕ್ಕರ್ ಮತ್ತೆ ನನ್ನ ಪಾಲಿಗೆ ಬಂತು.

ಬೆಳಗ್ಗೆ ಕಣ್ಣು ಬಿಟ್ಟಾಗ ಮುಂದಿನ ಸೀಟುಗಳು ಖಾಲಿ. ಮಳೆ ಆ ಹಳದಿಯನ್ನೆಲ್ಲ ತೊಳೆದುಹಾಕಿ ಕಾಡು ಹಸಿರಾಗಿತ್ತು. ಕೆರೆಯ ದಂಡೆಯ ಒದ್ದೆ ಬೆಂಚಿನ ಮೇಲೆ ಶುಭಾ, ಪ್ರಸನ್ನ ಕೂತಿದ್ದರು. ಮಾತು ಕೇಳಿಸುತ್ತಿರಲಿಲ್ಲ. ಶುಭಾ ಒಂದು ಸಲ ಅವರ ತೋಳಿಗೆ ಫಟ್ಟೆಂದು ಹೊಡೆದಳು. ಇನ್ನೊಂದು ಸಲ ಹೊಡೆದಳು. ಆಮೇಲೆ ಅದೇ ತೋಳಿಗೆ ಹಣೆಯಿಟ್ಟು ಬಹಳ ಹೊತ್ತು ಹಾಗೇ ಕೂತಳು. ನಾನು ಮುಖ ತಿರುಗಿಸಿದೆ.

ದಿಯಾ ಎಚ್ಚರವಾಗಿಯೇ ಇದ್ದಳು.

"ದೊಡ್ಡಮ್ಮಾ, ನಾವು ಇಂಡಿಯಾ ಹೋಗ್ಬೇಕಾ?"

"ಗೊತ್ತಿಲ್ಲ ಪುಟ್ಟಿ."

"ಐ ಡೋಂಟ್ ವಾಂಟ್ ಟು." ಸ್ವಲ್ಪ ಯೋಚಿಸಿ, "ಹೋದ್ರೆ ನಿಮ್ಮ ಪಿಜೀಲಿ ನಂಗೆ ರೂಮ್ ಇದ್ಯಾ?" ಎಂದಳು.

"ಇದೆ. ಆದ್ರೆ ಬಿಸಿನೀರಿಗೆ ಕ್ಯೂ ನಿಲ್ಬೇಕು."

"ಈ ಶವರ್‌ಗಿಂತ ವರ್ಸ್ ಆ?"

"ಇದಕ್ಕಿಂತ ವಾಸಿ."

"ಓಕೆ" ಎಂದು ನನ್ನ ತೊಡೆಯ ಮೇಲೆ ತಲೆಯಿಟ್ಟಳು. ಎರಡು ದಿನದಲ್ಲಿ ಸಿಟ್ಟಿಲ್ಲದೆ ಕೂತ ಗಳಿಗೆ ಅದೊಂದೇ.

ಶುಭಾ ಬಂದು ಕಾರಿನ ಬಾಗಿಲು ತೆಗೆದಳು. ಮುಖ ಊದಿತ್ತು. "ಇವತ್ತಿಂದ ಆ ರೂಮಿನ ಬಾಗಿಲು ಹಾಕೋ ಹಾಗಿಲ್ಲ, ಕೆಳಗೆ ಊಟದ ಟೇಬಲ್ ಮೇಲೇ ಕೂತು ಅಪ್ಲೈ ಮಾಡ್ಬೇಕು ಅಂತ ಹೇಳಿದೀನಿ" ಎಂದಳು. ನಾನು ಬಾಯಿ ತೆರೆಯುವ ಮೊದಲೇ, "ನಿನ್ನ ಹತ್ರ ಆಮೇಲೆ ಮಾತಾಡ್ತೀನಿ" ಎಂದು ಬಾಗಿಲು ಹಾಕಿದಳು.

ಆ ಆಮೇಲೆ ನಾನು ಹೊರಡುವ ದಿನದವರೆಗೂ ಬರಲಿಲ್ಲ. ಊಟ ಬಡಿಸಿದಳು, ಅಂಗಡಿಗೆ ಕರೆದುಕೊಂಡು ಹೋದಳು, ರತ್ನಮ್ಮನಿಗೆ ಸ್ವೆಟರು ಕೊಡಿಸಿದಳು, ಆದರೆ ಅಕ್ಕಾ ಎಂದು ಕರೆಯಲಿಲ್ಲ. ಶಾರ್ಲೆಟ್ ವಿಮಾನ ನಿಲ್ದಾಣದಲ್ಲಿ ನನ್ನ ಬ್ಯಾಗು ಇಳಿಸಿದ ಮೇಲೆ ಬಿಗಿಯಾಗಿ ಅಪ್ಪಿಕೊಂಡು, "ಒಳ್ಳೇದಾದ್ರೆ ಯಾವಾಗಾದ್ರೂ ಹೇಳು. ಕೆಟ್ಟದ್ದಾದ್ರೆ ಮೊದ್ಲು ನನಗೇ ಹೇಳ್ಬೇಕು" ಎಂದಳು. ಆಯಿತು ಎಂದೆ.

ಸರಸ್ವತಿಪುರಂ

ನಾನು ವಾಪಸ್ ಬಂದು ಕೆಲವೇ ದಿನವಾಗಿತ್ತು. ಬೆಳಗಿನ ಹೊತ್ತು, ಗೀಸರಿನ ಮುಂದೆ ಹುಡುಗಿಯರ ಜಗಳ ಬಿಡಿಸುತ್ತಿದ್ದೆ. ಫೋನ್ ಬಂತು. ಪ್ರಸನ್ನ.

"ಅಕ್ಕಾ! ಆಫರ್ ಬಂತು! ವರ್ಜೀನಿಯಾದಲ್ಲಿ, ಹರ್ನ್‌ಡನ್ ಅಂತ. ವೀಸಾನೂ ಅವರೇ ಮಾಡಿಸ್ತಾರೆ. ಮನೆ ಶಿಫ್ಟ್ ಮಾಡ್ಬೇಕು, ಪರವಾಗಿಲ್ಲ..."

ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. "ದೇವರು ದೊಡ್ಡವನು" ಎಂದೆ. ಆಮೇಲೆ ಅನುಮಾನ ಬಂತು. "ಶುಭಾ ಏನಂದ್ಲು?"

"ಅವಳು ದಿಯಾನ ಡ್ಯಾನ್ಸ್ ಕ್ಲಾಸಿಂದ ಕರ್ಕೊಂಡು ಬರೋಕೆ ಹೋಗಿದಾಳೆ. ಮೇಲ್ ಈಗ ತಾನೇ ಬಂತು, ನಿಮಗೇ ಮೊದ್ಲು ಹೇಳೋಣ ಅಂತ..."

ನಾನು ಫೋನ್ ಕಟ್ ಮಾಡಿದೆ. ಅವರು ಮತ್ತೆ ಮಾಡಿದರು. ಮತ್ತೆ ಕಟ್ ಮಾಡಿದೆ.

ಹುಡುಗಿಯರ ಜಗಳ ಮುಗಿದು, ಕಾಫಿಯೂ ಆಗಿ, ಅರ್ಧ ಪೇಪರ್ ಓದುವ ಹೊತ್ತಿಗೆ ಶುಭಾಳ ಫೋನ್ ಬಂತು. ನಗುತ್ತ ಅಳುತ್ತ, ಒಂದೇ ಉಸಿರಿನಲ್ಲಿ, "ಅಕ್ಕಾ, ಇವರಿಗೆ ಕೆಲಸ ಸಿಕ್ತು ಕಣೇ! ಈಗಷ್ಟೇ ಮನೆಗೆ ಬಂದೆ, ನಿನಗೇ ಮೊದ್ಲು ಹೇಳ್ತಾ ಇರೋದು" ಎಂದಳು.

"ಹೌದಾ! ಯಾವಾಗ? ಎಲ್ಲಿ?" ಎಂದು ನಾನು ಇಡೀ ಪಿಜಿ ಬೆಚ್ಚಿಬೀಳುವ ಹಾಗೆ ಕೂಗಿದೆ.